ಡೊಂಕು ಗೋಡೆಯ ನೇರ ಚಿತ್ರ

ನನ್ನ ಭಾವ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾರೆ. ಇಪ್ಪತ್ತಾರು ವರ್ಷದಿಂದ ಊರಿನವರನ್ನೆಲ್ಲ ಒಂದು ಕತ್ತಲೆ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಹೇರಿ, ಗಾಜು ಬದಲಾಯಿಸುತ್ತಾ ‘ಈಗ ಕಾಣ್ತಾ? ಈಗ? ಮೊದಲಿನದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ?’ ಎಂದು ಕೇಳುವುದು ಅವರ ಉದ್ಯೋಗ. ಊರಿಗೆಲ್ಲ ಕಣ್ಣು ಕೊಟ್ಟ ಪುಣ್ಯಾತ್ಮ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ನಮ್ಮ ಭಾವನನ್ನು ಎದುರಿಗೆ ಕೂರಿಸಿಕೊಂಡೇ ಕಟ್ಟಿರಬೇಕು.

ನಾನು ಅವರ ಹೆಂಡತಿಯ ತಮ್ಮ. ನಗರಸಭೆ ಕಚೇರಿಯ ಎದುರು ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಜನರ ದೂರುಗಳನ್ನು ‘ಮಾನ್ಯರೇ’ಯಿಂದ ‘ತಮ್ಮ ವಿಶ್ವಾಸಿ’ಯವರೆಗೆ ಬರೆದುಕೊಡುವವನು. ದಿನವಿಡೀ ಬೇರೆಯವರ ಪರವಾಗಿ ವಿನಯದಿಂದ ಬರೆದೂ ಬರೆದೂ ನನ್ನ ಸ್ವಂತ ವಿನಯ ಖಾಲಿಯಾಗಿದೆ. ಅಕ್ಕನ ವಿಷಯ ಬಂದರಂತೂ ನನ್ನ ನಾಲಿಗೆ ಹಿಡಿತಕ್ಕೆ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಭಾವನ ಕಡೆಯವರು ಬಂದು ನ್ಯಾಯ ಕೇಳಬಾರದು.

ಭಾವನ ಹತ್ತಿರ ಒಂದು ಹಳೆಯ ರೀಲಿನ ಕ್ಯಾಮೆರಾ ಇದೆ. ಹನ್ನೆರಡು ವರ್ಷದ ಹಿಂದೆ ಅದಕ್ಕೆ ಎಲ್ಲಿಂದಲೋ ಒಂದು ಟಿಲ್ಟ್-ಶಿಫ್ಟ್ ಲೆನ್ಸು ಹುಡುಕಿ ತಂದರು. ಅದರ ಬೆಲೆ ಎಷ್ಟೆಂದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಕ್ಯಾಮೆರಾಕ್ಕಿಂತ ಆ ಲೆನ್ಸೇ ದಪ್ಪ. ಮೂಗಿಗಿಂತ ಮೂಗುತಿ ಭಾರ. ಮಾಮೂಲಿ ಲೆನ್ಸು ಮರ್ಯಾದೆಯಾಗಿ ಮುಂದಕ್ಕೆ ನೋಡುತ್ತದೆ. ಇದು ಹಾಗಲ್ಲ. ಒಂದು ತಿರುಪು ತಿರುಗಿಸಿದರೆ ಇಡೀ ಲೆನ್ಸು ಮೇಲಕ್ಕೋ ಪಕ್ಕಕ್ಕೋ ಜರುಗುತ್ತದೆ. ಆಗ ಎತ್ತರದ ಕಟ್ಟಡಗಳು ಚಿತ್ರದಲ್ಲಿ ಹಿಂದಕ್ಕೆ ಬಿದ್ದಂತೆ ಕಾಣದೆ ಸೆಟೆದು ನಿಲ್ಲುತ್ತವೆ. ಇನ್ನೊಂದು ತಿರುಪು ತಿರುಗಿಸಿದರೆ ಲೆನ್ಸಿನ ಮೂತಿ ಓರೆಯಾಗುತ್ತದೆ. ಆಗ ಚಿತ್ರದಲ್ಲಿ ಒಂದು ಪಟ್ಟಿಯಷ್ಟು ಜಾಗ ಮಾತ್ರ ಸ್ಪಷ್ಟ, ಮಿಕ್ಕಿದ್ದೆಲ್ಲ ಮಂಜು. ತಾರಸಿಯಿಂದ ಹಾಗೆ ತೆಗೆದರೆ ಕೆಳಗಿನ ಬೀದಿ ಮಕ್ಕಳ ಆಟಿಕೆಯಂತೆ ಕಾಣುತ್ತದೆ. ಬಸ್ಸು ಬೆಂಕಿಪೊಟ್ಟಣದಷ್ಟು, ಮನುಷ್ಯರು ಮಣಿಗಳಷ್ಟು.

ಭಾವನಿಗೆ ಲೋಕ ಹಾಗೆ ಕಂಡಿದ್ದೇ ತಡ, ಹಾಗೇ ಉಳಿದುಹೋಯಿತು. ಬಸ್ ನಿಲ್ದಾಣ, ಆಸ್ಪತ್ರೆಯ ಅಂಗಳ, ಶಾಲೆ ಬಿಡುವ ಹೊತ್ತು, ಎಲ್ಲವನ್ನೂ ಆಟಿಕೆ ಮಾಡಿದರು. ತಾವು ಬಾಡಿಗೆಗಿರುವ ಕಟ್ಟಡದವರನ್ನೆಲ್ಲ ಒಂದು ದಿನ ಅಂಗಳದಲ್ಲಿ ನಿಲ್ಲಿಸಿ, ಎದುರು ತಾರಸಿಯಿಂದ ತೆಗೆದು, ಪ್ರತಿಯೊಂದು ಮನೆಗೂ ಒಂದೊಂದು ಪ್ರತಿ ಹಂಚಿದರು. ನೆಲಮಹಡಿಯ ಅಜ್ಜಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ, “ಇದ್ರಲ್ಲಿ ನಾನು ಯಾವ ಇರುವೆ ಅಂತ ಹೇಳಿಬಿಡಪ್ಪ, ಪುಣ್ಯ ಬರುತ್ತೆ,” ಅಂದರು.

ನಮ್ಮ ಚಿಕ್ಕಪ್ಪ ನಿವೃತ್ತರಾದ ದಿನ ಮನೆಯವರೆಲ್ಲ ಸೇರಿದ್ದೆವು. ನಲವತ್ತು ಜನ. ಗ್ರೂಪ್ ಫೋಟೋ ಭಾವನೇ ತೆಗೆಯುತ್ತೇನೆಂದರು. ‘ನೀವು ಸ್ವಲ್ಪ ಸರ್ಕೊಳ್ಳಿ, ನೀವೂ ಸ್ವಲ್ಪ ಸರ್ಕೊಳ್ಳಿ’ ಎಂದು ಮುಕ್ಕಾಲು ಗಂಟೆ ನಿಲ್ಲಿಸಿದರು. ತಿಂಗಳಾದ ಮೇಲೆ ಚಿತ್ರ ಬಂತು. ನಲವತ್ತು ಜನರ ಚಪ್ಪಲಿ, ಷೂಗಳು ಕನ್ನಡಿಯಷ್ಟು ಸ್ಪಷ್ಟ. ಮೊಣಕಾಲಿನಿಂದ ಮೇಲೆ ಎಲ್ಲರೂ ಹೊಗೆ. ಚಿಕ್ಕಪ್ಪ ಬಹಳ ಹೊತ್ತು ನೋಡಿ, “ನನ್ನ ಷೂ ಲೇಸು ಬಿಚ್ಚಿತ್ತಲ್ಲೋ, ಹೇಳಬಾರದಿತ್ತಾ?” ಅಂದರು. ಅದೊಂದೇ ಆ ಚಿತ್ರಕ್ಕೆ ಸಿಕ್ಕ ವಿಮರ್ಶೆ. ಅವತ್ತಿನಿಂದ ಭಾವನಿಗೆ ಬಳಗದಲ್ಲಿ ‘ಸರ್ಕೊಳ್ಳಿ’ ಎಂದೇ ಹೆಸರು.

ರೀಲು ಈಗ ಸಿಗುವುದೇ ಕಷ್ಟವಾದ್ದರಿಂದ ತಿಂಗಳಿಗೆ ಮೂರೇ ಚಿತ್ರ. ನಾವೆಲ್ಲ ರೀಲು ಬಿಡುವವರು, ಭಾವ ಒಬ್ಬರೇ ರೀಲು ಹಾಕುವವರು. ಚಿತ್ರ ತೊಳೆಯುವುದು ಮನೆಯ ಒಳಕೋಣೆಯಲ್ಲಿ. ಕಿಟಕಿಗೆ ಕಪ್ಪು ಬಟ್ಟೆ, ಗೋಡೆಯುದ್ದಕ್ಕೂ ತಂತಿ, ತಂತಿಗೆ ಒದ್ದೆ ಕಾಗದ, ನೆಲದ ತುಂಬ ಟ್ರೇಗಳು. ಆ ಕೋಣೆಯಲ್ಲಿ ಉಸಿರೆಳೆದರೆ ಮೂಗು ಸುಡುತ್ತದೆ. ಎರಡೇ ಕೋಣೆಯ ಮನೆಯಲ್ಲಿ ಒಂದು ಭಾವನ ಕಲೆಗೆ ಮೀಸಲು. ಅಕ್ಕನಿಗೆ ಉಳಿದಿದ್ದು ಬೀದಿಯ ಕಡೆಯ ಕೋಣೆ, ಅದರ ಕಿಟಕಿ ಪಕ್ಕದ ಗೋಡೆ, ಆ ಗೋಡೆಗೆ ಒತ್ತಿಕೊಂಡ ಹೊಲಿಗೆ ಮಿಷನ್.

ಅಕ್ಕ ಬಟ್ಟೆ ಹೊಲಿಯುತ್ತಾಳೆ. ಶಾಲೆ ಮಕ್ಕಳ ಯೂನಿಫಾರಂ, ಕಿಟಕಿ ಪರದೆ, ದಪ್ಪಗಾದವರ ಬಟ್ಟೆ ಸಡಿಲ ಮಾಡುವುದು, ಸಣ್ಣಗಾದವರದು ಬಿಗಿ ಮಾಡುವುದು. ಬೆಳಕಿಗೆಂದು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಆ ಗೋಡೆಯ ಪಕ್ಕದಲ್ಲೇ ಅವಳ ವಾಸ. ಗೋಡೆಗೂ ನೆಲಕ್ಕೂ ನಡುವೆ ಸಂದು ಬಿಟ್ಟಿದ್ದನ್ನು ಮೊದಲು ಕಂಡವಳೂ ಅವಳೇ. ದಾರ ಸುತ್ತಿದ ಬಾಬಿನ್ ಒಂದು ಉರುಳಿಹೋಗಿ ಆ ಸಂದಿನಲ್ಲಿ ಬಿತ್ತು, ಸಿಗಲಿಲ್ಲ. ಗಾಳಿ ಬರುತ್ತದೆಂದು ಅಲ್ಲಿಗೆ ರಿಬ್ಬನ್ ಒತ್ತಿದಳು. ಎರಡು ತಿಂಗಳಾದ ಮೇಲೆ ರಿಬ್ಬನ್ ಸಾಲದೆ ಪರದೆಯ ಅಂಚು ಮಡಿಸಿ ತುರುಕಿದಳು. ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಹಳೆಯ ಟವೆಲ್ಲೇ ಹಿಡಿಸಿತು.

“ರೀ, ಗೋಡೆ ಆಚೆಗೆ ಹೋಗ್ತಿದೆ,” ಎಂದು ಅಕ್ಕ ಹೇಳಿದಾಗಲೆಲ್ಲ ಭಾವ ನೆಗೆಟಿವ್ ಒಂದನ್ನು ಬೆಳಕಿಗೆ ಹಿಡಿದುಕೊಂಡೇ, “ಗಾರೆ ಉಬ್ಬಿದೆ ಅಷ್ಟೆ. ಏನೂ ಆಗಲ್ಲ,” ಅನ್ನುತ್ತಿದ್ದರು. ಕಟ್ಟಡದ ಯಜಮಾನನೂ ಅದನ್ನೇ ಅನ್ನುತ್ತಿದ್ದ. ಅವನು ಹಳೆಯ ಟೈರು ವ್ಯಾಪಾರಿ. ಬಿರುಕಿಗೆಲ್ಲ ಪ್ಯಾಚು ಹಾಕಿದರೆ ಸಾಕೆಂದು ನಂಬಿದವನು. ಬಿರುಕಿನ ಮೇಲೆ ಸುಣ್ಣ ಬಳಿಸಿದ. ತಾರಸಿಗೆ ಬೀಗ ಹಾಕಿ ಕೀಲಿ ಇಟ್ಟುಕೊಂಡ. ಮೇಲಿನಿಂದ ದಾರಕ್ಕೆ ಕಬ್ಬಿಣದ ಗುಂಡು ಕಟ್ಟಿ ಬಿಟ್ಟು ಎಷ್ಟು ವಾಲಿದೆ ನೋಡೋಣವೆಂದು ಗಾರೆಯವನನ್ನು ಕರೆದರೆ, ಅವನು ಗೇಟಿನಲ್ಲೇ ಕೈಮುಗಿದ. “ಯಜಮಾನ್ರ ನಾಲ್ಕು ಕಟ್ಟಡದ ಕೆಲಸ ನನ್ನ ಕೈಲಿದೆ ಸ್ವಾಮಿ. ನನ್ನ ಬಾಯಲ್ಲಿ ಏನೂ ಹೇಳಿಸ್ಬೇಡಿ,” ಅಂದ. ಅವನು ಗೋಡೆಯನ್ನು ನೋಡಿದ ನೋಟ ಮಾತ್ರ ನನಗೆ ಸರಿಬೀಳಲಿಲ್ಲ.

ಕೊನೆಗೆ ಆರು ಮನೆಯವರೂ ಸೇರಿ ನಗರಸಭೆಗೆ ದೂರು ಕೊಡುವುದೆಂದಾಯಿತು. ಬರೆಯುವವನು ನಾನು. ಕಚೇರಿಯವರು ಸ್ಥಳ ನೋಡಲು ಬರುವುದು ಅಪರೂಪವೆಂದು ನನಗೆ ಚೆನ್ನಾಗಿ ಗೊತ್ತು. ಜೀಪಿದ್ದರೆ ಚಾಲಕನಿಲ್ಲ, ಚಾಲಕನಿದ್ದರೆ ಡೀಸೆಲ್ ಇಲ್ಲ, ಮೂರೂ ಇದ್ದ ದಿನ ರಜೆ. ಹಾಗಾಗಿ ಚಿತ್ರ ಲಗತ್ತಿಸಲೇಬೇಕು. ಆಗ ಅಕ್ಕ ಭಾವನ ಮುಂದೆ ನಿಂತು ಕೇಳಿದಳು:

“ಇಷ್ಟು ವರ್ಷದಲ್ಲಿ ನಾನು ಯಾವತ್ತಾದ್ರೂ ಒಂದು ಫೋಟೋ ತೆಗೀರಿ ಅಂತ ಕೇಳಿದೀನಾ? ಇದೊಂದು ತೆಗೆದುಕೊಡಿ. ಗೋಡೆ ಹೇಗಿದೆಯೋ ಹಾಗೆ. ಅಷ್ಟೆ.”

ಭಾವ ಅರಳಿಬಿಟ್ಟರು. ಹನ್ನೆರಡು ವರ್ಷದಲ್ಲಿ ಅವರ ಲೆನ್ಸನ್ನು ಯಾರೂ ಹೀಗೆ ಕೆಲಸಕ್ಕೆ ಕರೆದಿರಲಿಲ್ಲ.

ಭಾನುವಾರ ಬೆಳಗ್ಗೆ ಪಕ್ಕದ ಬೀದಿಯ ಒಂದು ತಾರಸಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿದರು. ಅಲ್ಲಿಂದ ಗೋಡೆಯ ಅಂಚು ನೆಲದಿಂದ ತಾರಸಿಯವರೆಗೆ ಒಂದೇ ಗೆರೆಯಾಗಿ ಕಾಣುತ್ತಿತ್ತು. ನಾನು ಚೀಲ ಹಿಡಿದುಕೊಂಡು ನಿಂತಿದ್ದೆ. ಭಾವ ಕ್ಯಾಮೆರಾದ ಮೇಲೆ ಗಾರೆಯವರ ಸಣ್ಣ ರಸಮಟ್ಟ ಇಟ್ಟು, ಅದರ ಗುಳ್ಳೆ ನಡುವಿಗೆ ಬರುವವರೆಗೆ ಉಸಿರು ಹಿಡಿದರು. ಕಣ್ಣಿಟ್ಟು ನೋಡಿದರು. ನಾಲಿಗೆಯಲ್ಲಿ ‘ಚ್ಚ್’ ಅಂದರು. ಮತ್ತೆ ಏನೋ ತಿರುಗಿಸಿದರು. ಅರ್ಧ ಗಂಟೆ ಹೀಗೇ ನಡೆಯಿತು. ನನಗೆ ತಲೆಕೆಟ್ಟು, “ಭಾವ, ಗೋಡೆ ಬೀಳೋದ್ರೊಳಗೆ ಒತ್ತಿಬಿಡಿ,” ಎಂದು ಹೇಳಿ ಅಂಗಡಿಗೆ ಹೊರಟುಹೋದೆ. ಆ ಅರ್ಧ ಗಂಟೆಯ ನಂತರ ಏನು ಮಾಡಿದರೆಂದು ನಾನು ನೋಡಲಿಲ್ಲ. ನೋಡಬೇಕಿತ್ತು.

ಚಿತ್ರ ಬರಲು ಹತ್ತು ದಿನ ಹಿಡಿಯಿತು. ಬಂದ ಚಿತ್ರದ ಬಗ್ಗೆ ಸುಳ್ಳು ಹೇಳಲಾರೆ: ಅಂಥ ಚೆಂದದ ಚಿತ್ರವನ್ನು ನಾನು ಕಂಡಿರಲಿಲ್ಲ. ನಡುವೆ ನಮ್ಮ ಗೋಡೆ, ಒಂದೊಂದು ಇಟ್ಟಿಗೆಯೂ ಎಣಿಸುವಷ್ಟು ಸ್ಪಷ್ಟ. ಅಕ್ಕನ ಕಿಟಕಿಯ ಸರಳುಗಳು, ಒಣಗಲು ಹಾಕಿದ ಒಂದು ಅಂಗಿ, ಅಜ್ಜಿಯ ಕಿಟಕಿಯ ಹೂಕುಂಡ. ಎರಡೂ ಪಕ್ಕದಲ್ಲಿ ಬೀದಿ, ಲೈಟ್ ಕಂಬ, ನೆರೆಮನೆ, ಎಲ್ಲ ಮಂಜಿನಲ್ಲಿ ಕರಗಿದ್ದವು. ಕಟ್ಟಡದವರೆಲ್ಲ ಸುತ್ತ ನಿಂತು ನೋಡಿದರು. “ನಮ್ಮ ಮನೆ ಇಷ್ಟು ಚೆನ್ನಾಗಿದೆಯಾ!” ಅಂದರು. ಅಜ್ಜಿ ಈ ಸಲ ಇರುವೆ ಹುಡುಕಲಿಲ್ಲ, ನನಗೊಂದು ದೊಡ್ಡ ಪ್ರತಿ ಬೇಕೆಂದರು. ನಾನೂ ಹೊಗಳಿದೆ. ಹೊಗಳಿ, ಅರ್ಜಿಯ ಕೊನೆಯಲ್ಲಿ ‘ಲಗತ್ತು: ಗೋಡೆಯ ವಾಲುವಿಕೆಯನ್ನು ತೋರಿಸುವ ಛಾಯಾಚಿತ್ರ, ಒಂದು’ ಎಂದು ಟೈಪ್ ಮಾಡಿ, ಪಿನ್ನು ಚುಚ್ಚಿ ಕೊಟ್ಟುಬಂದೆ. ಆರು ಮನೆ, ಹದಿನೆಂಟು ಜನ, ಮೂವತ್ತಾರು ಕಣ್ಣು. ಒಂದು ಕಣ್ಣಿಗಾದರೂ ಆ ಗೋಡೆ ನೆಟ್ಟಗಿದೆಯೆಂದು ಹೊಳೆಯಲಿಲ್ಲ. ಹೊಗಳಿಕೆಯ ಮುಂದೆ ಕನ್ನಡಕವೂ ಕೆಲಸ ಮಾಡುವುದಿಲ್ಲ.

ಅದೇ ಚಿತ್ರದ ಇನ್ನೊಂದು ಪ್ರತಿಯನ್ನು ಭಾವ ತಮ್ಮ ಫೋಟೋ ಸಂಘಕ್ಕೆ ಕಳಿಸಿದರು. ಏಳು ಜನರ ಸಂಘ. ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರ್. ವರ್ಷಕ್ಕೊಮ್ಮೆ ಗ್ರಂಥಾಲಯದ ಹಾಲಿನಲ್ಲಿ ಪ್ರದರ್ಶನ. ಹನ್ನೊಂದು ವರ್ಷ ಭಾವನಿಗೆ ಸಮಾಧಾನಕರ ಬಹುಮಾನವೂ ಬಂದಿರಲಿಲ್ಲ. ಈ ಸಲ ಮೊದಲನೆಯದು. “ಇಷ್ಟು ನೇರವಾದ ಸಾಲು ನಾನು ಕಟ್ಟಿಸಿದ ಹಲ್ಲಿನಲ್ಲೂ ಕಂಡಿಲ್ಲ,” ಎಂದು ಡಾಕ್ಟರ್ ಭಾಷಣ ಮಾಡಿದರು. ಪತ್ರಿಕೆಯಲ್ಲಿ ಅಂಗೈಯಗಲ ಸುದ್ದಿ ಬಂತು. ಭಾವ ಅದರ ಇಪ್ಪತ್ತು ಜೆರಾಕ್ಸ್ ನನ್ನ ಅಂಗಡಿಯಲ್ಲೇ ಮಾಡಿಸಿದರು. ಚಿತ್ರದ ಹೆಸರು ‘ನಿಲುವು’ ಅಂತೆ.

ಮೂರು ವಾರದ ಮೇಲೆ ನಗರಸಭೆಯ ಉತ್ತರ ಬಂತು. ನಾನೇ ಓದಿದೆ. ‘ದೂರುದಾರರು ತಾವೇ ಲಗತ್ತಿಸಿರುವ ಛಾಯಾಚಿತ್ರವನ್ನು ಪರಿಶೀಲಿಸಲಾಗಿ, ಗೋಡೆಯು ನೆಟ್ಟಗಿರುವುದು ಕಂಡುಬಂದಿರುತ್ತದೆ. ದೂರನ್ನು ವಜಾ ಮಾಡಿದೆ.’

ಅಕ್ಕ ಚಿತ್ರವನ್ನು ಕಟಿಂಗ್ ಮೇಜಿನ ಮೇಲಿಟ್ಟು ಸ್ಕೇಲು ಹಿಡಿದಳು. ಗೋಡೆಯ ಅಂಚು ಕಾಗದದ ಅಂಚಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ. ಆಮೇಲೆ ತಲೆಯೆತ್ತಿ, ಪಕ್ಕದ ನಿಜವಾದ ಗೋಡೆಯ ಬುಡದಲ್ಲಿ ತುರುಕಿದ ಟವೆಲ್ಲು ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಅರ್ಧ ಸಿಟ್ಟು ಭಾವನ ಮೇಲೆ, ಅರ್ಧ ಪಿನ್ನು ಚುಚ್ಚಿದ ನನ್ನ ಕೈಯ ಮೇಲೆ.

“ಇದೇನು ಭಾವ ಇದು?”

“ನಾನೇನು ಮಾಡಲಪ್ಪ? ಆ ಲೆನ್ಸೇ ಹಾಗೆ,” ಅಂದರು ಭಾವ. “ಕಟ್ಟಡ ನೇರ ಮಾಡೋದೇ ಅದರ ಗುಣ. ತಾನಾಗೇ ಮಾಡಿಬಿಡುತ್ತೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಇನ್ನೂ ನಾಲ್ಕು ಮಾತು ಆಡುವವನಿದ್ದೆ, ಅಕ್ಕನೇ ತಡೆದಳು. “ಬಿಡೋ. ಅವರಿಗೇನು ಗೊತ್ತಿತ್ತು ಪಾಪ? ಲೆನ್ಸು ಮಾಡಿದ್ದಕ್ಕೆ ಅವರನ್ನ ಬೈತೀಯಲ್ಲ,” ಅಂದಳು. ಗಂಡನ ಪರ ವಕಾಲತ್ತು ವಹಿಸುವಾಗ ನನ್ನ ಅಕ್ಕನಿಗೆ ಯಾವ ಕಾನೂನು ಪುಸ್ತಕವೂ ಬೇಡ. ಆಮೇಲೆ ಮಿಷನ್ ಕಡೆ ನೋಡಿ, “ರೀ, ಇದನ್ನ ಒಳಕೋಣೆಗೆ ಎಳೆದುಕೊಳ್ಳಲಾ? ಯಾಕೋ ಭಯ ಆಗುತ್ತೆ,” ಎಂದು ಕೇಳಿದಳು.

“ಒಳಗೆಲ್ಲಿದೆ ಜಾಗ? ಟ್ರೇಗಳಿವೆ, ಪ್ರಿಂಟು ಒಣಗ್ತಿವೆ. ಅಲ್ಲೇ ಇರಲಿ. ಏನೂ ಆಗಲ್ಲ ಅಂತ ಎಷ್ಟು ಸಲ ಹೇಳೋದು?”

ಮಿಷನ್ ಅಲ್ಲೇ ಉಳಿಯಿತು.

ನಾನು ಫೋನಿನಲ್ಲಿ ಗೋಡೆಯ ಐದು ಚಿತ್ರ ತೆಗೆದು ಮೇಲ್ಮನವಿ ಬರೆದೆ. ಕಚೇರಿಯ ಗುಮಾಸ್ತ ಅವನ್ನು ನೋಡಿ, “ಗೋಡೆ ವಾಲಿದೆಯೋ, ನಿಮ್ಮ ಕೈ ವಾಲಿದೆಯೋ ಯಾರಿಗೆ ಗೊತ್ತು? ಮೊದಲನೇ ಫೋಟೋ ತೆಗೆದವರು ಬಹುಮಾನ ಬಂದವರು. ಅವರೇ ಬಂದು ಅಧಿಕಾರಿಗಳ ಮುಂದೆ ಹೇಳಲಿ, ಆಮೇಲೆ ನೋಡೋಣ,” ಅಂದ. ಅಂದರೆ ಆರು ಮನೆಯವರ ತಲೆ ಈಗ ಭಾವನ ಒಂದು ಮಾತಿನ ಮೇಲೆ ನಿಂತಿತ್ತು. ‘ಚಿತ್ರದಲ್ಲಿ ನೇರ ಕಂಡಿದ್ದು ಲೆನ್ಸಿನಿಂದ, ಗೋಡೆ ನಿಜವಾಗಿ ವಾಲಿದೆ’ ಎಂದು ಅವರು ಹೇಳಬೇಕು. ಇಷ್ಟೇ. ಒಂದು ವಾಕ್ಯ. ನಾನೇ ಟೈಪ್ ಮಾಡಿಕೊಟ್ಟೆ.

ಭಾವ ಆ ಕಾಗದವನ್ನು ಕಹಿ ಔಷಧಿಯ ಚೀಟಿಯಂತೆ ಹಿಡಿದುಕೊಂಡರು. “ಹೀಗೆ ಹೇಳಿದ್ರೆ ಸಂಘದವರು ಏನಂದ್ಕೋತಾರೆ? ಬಹುಮಾನ ಬಂದಿದ್ದು ನನಗಲ್ಲ, ಲೆನ್ಸಿಗೆ ಅಂತಾರೆ,” ಎಂದು ಮುಖ ಸಣ್ಣ ಮಾಡಿದರು. “ನೀವು ಹೇಳದೆ ಇದ್ರೆ ಆರು ಮನೆಯವರೂ ಗೋಡೆ ಅಡಿಗೆ ಹೋಗ್ತಾರೆ, ಆಗ ಸಂಘದವರು ಏನಂದ್ಕೋತಾರೆ?” ಎಂದು ಕೇಳಿದೆ. ಅದಕ್ಕೂ ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಣೆ ಮಾಡಿ ಹೇಳುತ್ತೇನೆ, ನಿಜವಾಗಿ ಯೋಚಿಸಿದರು.

ವಿಚಾರಣೆಯ ದಿನ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಉದ್ದ ಮೇಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಒಬ್ಬ ಸಣ್ಣ ಪ್ರಾಯದ ಇಂಜಿನಿಯರ್. ಈಚೆ ನಾವು: ಅಕ್ಕ, ಅಜ್ಜಿ, ನಾನು, ಭಾವ. ಯಜಮಾನ ಬರಲಿಲ್ಲ, ತನ್ನ ಏಜೆಂಟನನ್ನು ಕಳಿಸಿದ್ದ. ಏಜೆಂಟನ ಕೈಯಲ್ಲಿ ಪತ್ರಿಕೆಯ ಸುದ್ದಿಯ ಪ್ರತಿ. ನನ್ನ ಅಂಗಡಿಯ ಜೆರಾಕ್ಸೇ, ಅಂಚಿನ ಕಪ್ಪು ಗೆರೆಯಿಂದಲೇ ಗುರುತು ಹಿಡಿದೆ.

ಅಧಿಕಾರಿ ಚಿತ್ರವನ್ನು ಕೈಗೆತ್ತಿಕೊಂಡು, “ಇದನ್ನ ತೆಗೆದವರು ನೀವೇನಾ? ಬಹಳ ಚೆನ್ನಾಗಿದೆ ರೀ,” ಅಂದರು.

ಅಲ್ಲಿಗೆ ಮುಗಿಯಿತು. ಭಾವ ಕರಗಿ ನೀರಾದರು. ಟೈಪ್ ಮಾಡಿದ ಕಾಗದ ಜೇಬಿನಿಂದ ಹೊರಗೆ ಬರಲೇ ಇಲ್ಲ.

“ಹಾಗಾದ್ರೆ ಗೋಡೆ ನೇರ ಇದೆ ಅಂತೀರಾ?”

ಭಾವ ಚಿತ್ರ ನೋಡಿದರು. ಅಕ್ಕನನ್ನು ನೋಡಿದರು. ಮತ್ತೆ ಚಿತ್ರ ನೋಡಿದರು. “ಚಿತ್ರದಲ್ಲಿ ನೇರ ಇದೆ ಸರ್,” ಅಂದರು.

ನಾನು ಕುರ್ಚಿಯ ಅಡಿಯಿಂದ ಅವರ ಕಾಲು ತುಳಿದೆ. ಅಜ್ಜಿ ಗಟ್ಟಿಯಾಗಿ, “ಇವನ ಬಾಯಿಗೆ ಮಣ್ಣು ಹಾಕ!” ಅಂದರು. ಅಕ್ಕ ಮಾತ್ರ ನೆಲ ನೋಡುತ್ತಾ ಕುಳಿತಳು. ಹೊಲಿಯುವವರಿಗೆ ಕೈ ಸುಮ್ಮನಿರುವುದಿಲ್ಲ. ಸೆರಗಿನ ಅಂಚನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು.

ಅಷ್ಟು ಸಾಕಿತ್ತು ಏಜೆಂಟನಿಗೆ. ಗೆದ್ದೆನೆಂದು ಸುಮ್ಮನಿದ್ದಿದ್ದರೆ ಅವನು ಗೆದ್ದೇಬಿಡುತ್ತಿದ್ದ. ಆದರೆ ಗೆದ್ದವನಿಗೆ ಇನ್ನೊಂದು ಮಾತು ಆಡುವ ಚಪಲ.

“ಅದೇ ಸರ್ ನಾನು ಹೇಳೋದು. ಕ್ಯಾಮೆರಾ ಇದ್ದಿದ್ದನ್ನ ಇದ್ದ ಹಾಗೆ ತೋರಿಸುತ್ತೆ. ಇದ್ರಲ್ಲಿ ಇವರದ್ದೇನಿದೆ? ಬಟನ್ ಒತ್ತಿದ್ದಾರೆ, ಅಷ್ಟೆ. ಗೋಡೆ ನೇರ ಇತ್ತು, ನೇರ ಬಂತು. ನಾನು ಒತ್ತಿದ್ರೂ ಇದೇ ಬರ್ತಿತ್ತು.”

ಭಾವ ಎದ್ದು ನಿಂತರು. ಇಪ್ಪತ್ತಾರು ವರ್ಷ ಮೆಲ್ಲಗೆ ‘ಈಗ ಕಾಣ್ತಾ’ ಎಂದು ಕೇಳಿದ ಆ ಗಂಟಲಿನಲ್ಲಿ ಅಂಥ ದನಿಯಿದೆಯೆಂದು ನನಗೆ ಗೊತ್ತಿರಲಿಲ್ಲ.

“ಏನಂದ್ರಿ? ನೀವು ಒತ್ತಿದ್ರೂ ಬರ್ತಿತ್ತಾ? ಬನ್ನಿ, ಒತ್ತಿ ತೋರಿಸಿ! ಆ ಗೋಡೆ ಬೀದಿ ಮೇಲೆ ವಾಲಿಕೊಂಡು ಬಿದ್ದಿತ್ತು ಕಣ್ರೀ! ಅದನ್ನ ನೇರ ನಿಲ್ಲಿಸೋಕೆ ನನಗೆ ಒಂದೂವರೆ ಗಂಟೆ ಹಿಡೀತು! ಮೊದಲು ರಸಮಟ್ಟಕ್ಕೆ ಕೂರಿಸಿ ನೋಡಿದೆ. ಗೋಡೆ ಒಂದು ಡಿಗ್ರಿ ಬಲಕ್ಕಿತ್ತು. ಸ್ಟ್ಯಾಂಡಿನ ತಲೆ ಮೇಲೆ ಅಂಕಿ ಇರುತ್ತೆ, ಓದಿದೀನಿ. ಆಮೇಲೆ ಕ್ಯಾಮೆರಾನೇ ಒಂದು ಡಿಗ್ರಿ ಬಗ್ಗಿಸಿದೆ. ಗೋಡೆ ಗೆರೆಗೆ ಕೂತ್ಕೊಳ್ತು. ಆದ್ರೆ ಲೈಟ್ ಕಂಬ ಓರೆ ಆಯ್ತು, ಪಕ್ಕದ ಮನೆ ಓರೆ ಆಯ್ತು. ಅವು ಕಾಣಿಸಿದ್ರೆ ಗುಟ್ಟು ರಟ್ಟಾಗಲ್ವಾ? ಅದಕ್ಕೇ ಲೆನ್ಸಿನ ಮೂತಿ ಪಕ್ಕಕ್ಕೆ ತಿರುಗಿಸಿ, ಗೋಡೆ ಒಂದನ್ನ ಬಿಟ್ಟು ಎಲ್ಲಾ ಮಂಜು ಮಾಡಿದೆ. ಬಟನ್ ಒತ್ತಿದ್ನಂತೆ! ಲೆನ್ಸು ತಾನಾಗೇ ಇದನ್ನೆಲ್ಲ ಮಾಡುತ್ತೆ ಅಂದ್ಕೊಂಡ್ರಾ? ಆ ಗೋಡೆ ನೇರ ಮಾಡಿದ್ದು ಲೆನ್ಸಲ್ಲ, ನಾನು!”

ಎದೆ ತಟ್ಟಿಕೊಂಡು ಕುಳಿತರು. ಏಜೆಂಟ ಕೈಯಲ್ಲಿದ್ದ ಜೆರಾಕ್ಸನ್ನು ಮಡಿಸಿ ಜೇಬಿಗಿಟ್ಟ. ಅಧಿಕಾರಿ ಮಂಜಾಗಿದ್ದ ಲೈಟ್ ಕಂಬದ ಪಕ್ಕ ಪೆನ್ಸಿಲ್ ನಿಲ್ಲಿಸಿ ನೋಡಿದರು. ಕಂಬ ವಾಲಿತ್ತು. ಸಣ್ಣ ಪ್ರಾಯದ ಇಂಜಿನಿಯರ್ ಕಾಗದದ ಮೇಲೆ ಏನೋ ಗುಣಿಸಿ, ಇನ್ನೊಮ್ಮೆ ಗುಣಿಸಿ, ಬಿಳಿಚಿಕೊಂಡು ತಲೆಯೆತ್ತಿದ.

“ಸರ್, ಮೂವತ್ತಡಿ ಎತ್ತರಕ್ಕೆ ಒಂದು ಡಿಗ್ರಿ ಅಂದ್ರೆ ಆರು ಇಂಚು ಆಗುತ್ತೆ. ಹತ್ತಿರ ಹತ್ತಿರ ಅಂಗೈ ಉದ್ದ. ಅಲ್ಲಿ ಜನ ಇದ್ದಾರಾ ಸರ್?”

“ಇದ್ದೀವಪ್ಪ, ಇರುವೆಗಳ ಹಾಗೆ,” ಅಂದರು ಅಜ್ಜಿ.

ಆಮೇಲೆ ಎಲ್ಲ ಬಹಳ ಬೇಗ ಆಯಿತು. ಜೀಪು, ಚಾಲಕ, ಡೀಸೆಲ್ ಮೂರೂ ಅವತ್ತೇ ಸಿಕ್ಕವು. ಇಂಜಿನಿಯರ್ ಹೋಗಿ ಅಳೆದು, ಸಂಜೆಯೊಳಗೆ ವರದಿ ಕೊಟ್ಟ. ಮೂರು ದಿನದಲ್ಲಿ ಮನೆ ಖಾಲಿ ಮಾಡಬೇಕು, ಯಜಮಾನ ತನ್ನ ಖರ್ಚಿನಲ್ಲೇ ಗೋಡೆ ಕೆಡವಿ ಕಟ್ಟಿಸಬೇಕು, ಅಲ್ಲಿಯವರೆಗೆ ಬಾಡಿಗೆದಾರರಿಗೆ ಬೇರೆ ಮನೆ ಕೊಡಬೇಕು ಎಂದು ಆದೇಶವಾಯಿತು. ನಾವು ಗೆದ್ದೆವು. ಸತ್ಯ ಹೇಳಿ ಗೆದ್ದೆವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಭಾವನ ಜಂಭ ಗೆಲ್ಲಿಸಿತು. ಇಷ್ಟು ವರ್ಷ ಮನೆಯನ್ನು ತಿಂದ ಜಂಭ ಒಂದು ದಿನ ಮನೆಯ ಉಪಯೋಗಕ್ಕೆ ಬಂತು.

ಕಚೇರಿಯ ವರಾಂಡದಲ್ಲಿ ಆದ ಮಾತು ಮಾತ್ರ ಉಳಿದಿದೆ.

ಅವತ್ತು ಸಂಜೆಯೇ ನಾನು ಆದೇಶದ ಪ್ರತಿಗಾಗಿ ಕಾಯುತ್ತಿದ್ದೆ. ಭಾವ ಬೆಂಚಿನ ಮೇಲೆ ಕುಳಿತು ಅಧಿಕಾರಿಗೆ ಲೆನ್ಸಿನ ವಿಷಯ ಎಷ್ಟು ಅರ್ಥವಾಯಿತೆಂದು ಲೆಕ್ಕ ಹಾಕುತ್ತಿದ್ದರು. ಅಕ್ಕ ಬಂದು ಅವರ ಎದುರು ನಿಂತಳು.

“ರೀ, ಒಂದು ಡಿಗ್ರಿ ಅನ್ನೋದು ನಿಮಗೆ ಅವತ್ತೇ ಗೊತ್ತಿತ್ತಾ? ಫೋಟೋ ತೆಗೆದ ದಿನಾನೇ?”

ಅಕ್ಕ ಜೀವಮಾನದಲ್ಲಿ ಮೊದಲ ಸಲ ಅವರ ಕಲೆಯ ಬಗ್ಗೆ ಪ್ರಶ್ನೆ ಕೇಳಿದ್ದಳು. ಭಾವನ ಮುಖ ಎಷ್ಟು ಅರಳಿತೆಂದರೆ, ನನಗೆ ನೋಡಲಾಗಲಿಲ್ಲ.

“ಮತ್ತೆ? ಎಷ್ಟು ವಾಲಿದೆ ಅಂತ ಗೊತ್ತಿಲ್ದೆ ಹೇಗೆ ನೇರ ಮಾಡೋಕಾಗುತ್ತೆ?”

“ಲೆನ್ಸು ತಾನಾಗೇ ಮಾಡಿತು ಅಂದ್ರಿ.”

“ಅದು ಸುಮ್ನೆ ಅಂದಿದ್ದು. ನಿನ್ನ ತಮ್ಮ ಬಯ್ತಿದ್ನಲ್ಲ.”

“ಆರು ಇಂಚು ವಾಲಿದೆ ಅಂತ ಗೊತ್ತಿದ್ದೂ, ಮಿಷನ್ ಅಲ್ಲೇ ಇರಲಿ ಅಂದ್ರಾ?”

ಭಾವ ನಿಜವಾಗಿ ಗೊಂದಲಗೊಂಡರು. ಅವರ ಮುಖದಲ್ಲಿ ಸುಳ್ಳಿರಲಿಲ್ಲ, ಕಪಟವಿರಲಿಲ್ಲ. ಅದೇ ನನಗೆ ಇವತ್ತಿಗೂ ತಡೆದುಕೊಳ್ಳಲಾಗದಿರುವುದು. “ಇಂಚಿನ ಲೆಕ್ಕ ನಾನೆಲ್ಲಿ ಹಾಕಿದೆ?” ಅಂದರು. “ನನಗೆ ಬೇಕಾಗಿದ್ದು ಡಿಗ್ರಿ.”

ಫೋಟೋ ತೆಗೆದ ಭಾನುವಾರದಿಂದ ಅವತ್ತಿಗೆ ಎಪ್ಪತ್ತೊಂದು ದಿನ. ಎಪ್ಪತ್ತೊಂದು ದಿನ ನನ್ನ ಅಕ್ಕ ಆ ಗೋಡೆಗೆ ಭುಜ ತಾಗಿಸಿಕೊಂಡು ಯಾರ್‍ಯಾರದೋ ಮಕ್ಕಳ ಯೂನಿಫಾರಂ ಹೊಲಿದಿದ್ದಳು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆ ತಿರುಗಿದಳು.

“ಮಿಷನ್ ಸಾಗಿಸೋಕೆ ಒಂದು ಗಾಡಿ ನೋಡೋ. ನಿಮ್ಮನೆಗೆ. ಮೂರು ದಿನ ಎಲ್ಲಾ ಕಾಯಲ್ಲ, ಇವತ್ತೇ ಬರ್ತೀನಿ.”

ಭಾವ ಬೆಂಚಿನಿಂದ ಎದ್ದರು. “ನನ್ನ ಟ್ರೇಗಳು, ಪ್ರಿಂಟುಗಳು ಎಲ್ಲಾ ಇವೆಯಲ್ಲ, ಅವು? ನಾನು?”

“ನಿಮ್ಮ ಗೋಡೆ ನೆಟ್ಟಗಿದೆಯಲ್ಲ,” ಅಂದಳು ಅಕ್ಕ. “ನೀವು ಅಲ್ಲೇ ಇರಿ.”

ನಾನು ಗಾಡಿ ನೋಡಲು ಹೊರಟೆ.